ಹಳೆ ದುಬೈಯ ಫೋಟೋಗಳು ಮತ್ತು ಒಂದು ಖಾಲಿ ರೋಲು

ನಾನು ದುಬೈಗೆ ಹೋದದ್ದು ಒಬ್ಬ ಹೆಂಗಸಿನ ಕ್ಷಮೆ ಕೇಳಲಿಕ್ಕೆ. ಆದರೆ ಮೊದಲ ಎರಡು ದಿನ ಆ ವಿಷಯವೇ ತಲೆಯಿಂದ ಹಾರಿಹೋಯಿತು. ಕಾರಣ ಮಗಳು ವಿನುತಾ. ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ಟ್ಯಾಕ್ಸಿಯಲ್ಲೇ ಅವಳು ಒಂದು ಡಿಜಿಟಲ್ ಕ್ಯಾಮೆರಾ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು.

"ಇದರಲ್ಲಿ ಎಷ್ಟು ಬರ್ತದೆ?" ಎಂದು ಕೇಳಿದೆ.

"ಎರಡು ಸಾವಿರ ಬರಬಹುದು ಪಪ್ಪ. ತುಂಬಿದ್ರೆ ಅಳಿಸಿ ಪುನಃ ತೆಗೀಲಿಕ್ಕೆ ಆಗ್ತದೆ."

ಶಿರ್ವದ ಹತ್ತಿರ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು ನಾನು. ಓದಿದ್ದು ಹತ್ತನೆಯ ತರಗತಿ. ಡಿಜಿಟಲ್ ಬಂದಾಗ ಹಟದಿಂದ ಅಂಗಡಿಗೆ ಬಾಗಿಲು ಹಾಕಿದೆನೇ ಹೊರತು ಆ ಕ್ಯಾಮೆರಾವನ್ನು ಮುಟ್ಟಿ ನೋಡಿರಲಿಲ್ಲ. ನಮ್ಮ ಕಾಲದಲ್ಲಿ ಒಂದು ರೋಲಿಗೆ ಮೂವತ್ತಾರು ಫೋಟೋ. ಒಂದು ಮದುವೆಗೆ ಒಂದು ರೋಲು, ದೊಡ್ಡವರ ಮನೆಯದ್ದಾದರೆ ಎರಡು. ಹಾಗೆ ಲೆಕ್ಕ ಹಾಕಿ ಹಾಕಿ ಬಟನ್ ಒತ್ತಿದ ಬೆರಳಿಗೆ ಎರಡು ಸಾವಿರ ಎಂದರೆ, ರೇಷನ್ ಸಕ್ಕರೆಯಲ್ಲಿ ಬೆಳೆದವನನ್ನು ಸಕ್ಕರೆಯ ಗೋದಾಮಿನೊಳಗೆ ಬಿಟ್ಟ ಹಾಗೆ. ಮನೆ ಮುಟ್ಟುವುದರೊಳಗೆ ನೂರಾ ಎಪ್ಪತ್ತು ತೆಗೆದಿದ್ದೆ. ಅದರಲ್ಲಿ ಅರ್ಧ ಟ್ಯಾಕ್ಸಿ ಡ್ರೈವರನ ಕುತ್ತಿಗೆ.

ನಮ್ಮ ಮಕ್ಕಳೆಲ್ಲ ಈಗ ಯುರೋಪಿನ ಹಳೆ ಪಟ್ಟಣಗಳನ್ನು ನೋಡಲು ಹೋಗುತ್ತಾರೆ, ಅಂಥ ಕಡೆ ಫೋಟೋ ತೆಗೆಯುವುದು ಹೇಗೆಂದು ನೀನೊಂದಿಷ್ಟು ಬರೆ ಎಂದು ಊರಿನ ಗೆಳೆಯರು ಹೇಳಿದ್ದಾರೆ. ಯುರೋಪನ್ನು ನಾನು ಕಂಡವನಲ್ಲ. ಕಂಡದ್ದು ದುಬೈಯ ಹಳೆಯ ಭಾಗ. ದಪ್ಪ ಗೋಡೆ, ಇಕ್ಕಟ್ಟಿನ ಓಣಿ, ಸಂದಿಯಲ್ಲಿ ಇಳಿಯುವ ಬಿಸಿಲು ಎಲ್ಲಿಯಾದರೂ ಒಂದೇ ಎಂದುಕೊಂಡು, ತಿಳಿದದ್ದನ್ನು ಬರೆಯುತ್ತಿದ್ದೇನೆ. ಆದರೆ ಫೋಟೋದ ಬಗ್ಗೆ ಉಪದೇಶ ಮಾಡುವ ಮೊದಲು, ನಾನು ತೆಗೆಯದೇ ಹೋದ ಫೋಟೋಗಳ ವಿಷಯ ಹೇಳಬೇಕು.

ಮೂವತ್ತೆರಡು ವರ್ಷಗಳ ಹಿಂದೆ ನಮ್ಮೂರಿನ ಲಿಲ್ಲಿಯ ಮದುವೆ. ಕ್ಯಾಮೆರಾಕ್ಕೆ ರೋಲು ಹಾಕುವಾಗ ಫಿಲ್ಮಿನ ತುದಿಯನ್ನು ಒಳಗಿನ ಸುರುಳಿಯ ಸೀಳಿಗೆ ಸಿಕ್ಕಿಸಬೇಕು. ಅದು ಜಾರಿದರೆ ಬಟನ್ ಟಕ್ ಎನ್ನುತ್ತದೆ, ಫ್ಲ್ಯಾಶ್ ಹೊಳೆಯುತ್ತದೆ, ಎಣಿಕೆಯ ಮುಳ್ಳು ಮುಂದೆ ಹೋಗುತ್ತದೆ. ಫಿಲ್ಮು ಮಾತ್ರ ಕದಲುವುದಿಲ್ಲ. ಅವತ್ತಿನ ಅವಸರದಲ್ಲಿ ನನಗೆ ಹಾಗಾಯಿತು. ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಮೂವತ್ತು, ಸಭಾಭವನದಲ್ಲಿ ಆರು. ಮೂವತ್ತಾರಕ್ಕೆ ಬಿಗಿದು ನಿಲ್ಲಬೇಕಾದ, ಫಿಲ್ಮು ಸರಿಸುವ ಲಿವರು ಮೂವತ್ತೇಳಕ್ಕೂ ಸಲೀಸಾಗಿ ತಿರುಗಿದಾಗ ಫಿಲ್ಮು ಸಿಕ್ಕಿಕೊಂಡೇ ಇಲ್ಲವೆಂದು ತಿಳಿಯಿತು. ಸಭಾಭವನದ ಹಿಂದೆ ಬಟ್ಟಲು ಇಡುವ ಕತ್ತಲೆ ಕೋಣೆಯೊಂದಿತ್ತು. ಅಲ್ಲಿಗೆ ಹೋಗಿ ಅದೇ ರೋಲನ್ನು ಸರಿಯಾಗಿ ಹಾಕಿಕೊಂಡು ಬಂದಿದ್ದರೆ ಕೇಕು, ಊಟ, ತಂದೆತಾಯಿಯರ ಜೊತೆಗಿನದ್ದು ಎಲ್ಲ ಸಿಗುತ್ತಿತ್ತು. ಶೀನಣ್ಣನ ಕ್ಯಾಮೆರಾ ಕೈಕೊಟ್ಟಿತು ಎಂದು ನಾಲ್ಕು ಜನ ಹೇಳಿಯಾರೆಂದು ನಾನು ಕದಲಲಿಲ್ಲ. ಖಾಲಿ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹೊಡೆಯುತ್ತಾ, "ಸ್ವಲ್ಪ ನಗಿ" ಎನ್ನುತ್ತಾ ನಿಂತೆ.

ಆಮೇಲೆ ಎರಡು ಸುಳ್ಳು ಹೇಳಿದೆ. ಮದುಮಗಳು ಎಲ್ಲದರಲ್ಲೂ ಕಣ್ಣು ಮುಚ್ಚಿದ್ದಾಳೆ, ಪ್ರಿಂಟ್ ಹಾಕುವ ಹಾಗಿಲ್ಲ ಎಂಬುದು ಒಂದು. ಅದೇ ಮಳೆಗಾಲದಲ್ಲಿ ಲಿಲ್ಲಿಯ ತಂದೆ ಲಾದ್ರು ಪೊರ್ಬುಗಳು ತೀರಿಕೊಂಡರು. ಅವರ ಒಂದೇ ಒಂದು ಫೋಟೋ ಮನೆಯಲ್ಲಿರಲಿಲ್ಲ. ಲಿಲ್ಲಿಯ ಅಣ್ಣ ಸ್ಟುಡಿಯೋಕ್ಕೆ ಬಂದು, ತಂಗಿ ಕಣ್ಣು ಮುಚ್ಚಿದ್ದರೂ ಅಡ್ಡಿಯಿಲ್ಲ, ಅಪ್ಪನದ್ದೊಂದು ಬೇಕು ಎಂದ. ನೆಗೆಟಿವ್ ಎಲ್ಲೋ ಇಟ್ಟಿದ್ದೇನೆ, ಹುಡುಕಿ ಕೊಡುತ್ತೇನೆ ಎಂದೆ. ಅದು ಎರಡನೆಯ ಸುಳ್ಳು.

ವಿನುತಾ ದುಬೈಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಒಂದು ದಿನ ಫೋನಿನಲ್ಲಿ, "ನಮ್ಮ ಆಸ್ಪತ್ರೆಯಲ್ಲಿ ಬೆಡ್‌ಶೀಟ್, ಬಟ್ಟೆ ಎಲ್ಲ ನೋಡಿಕೊಳ್ಳುವವರು ಲಿಲ್ಲಿ ಅಂತ. ನೀನು ಸ್ಟುಡಿಯೋ ಶೀನಣ್ಣನ ಮಗಳಾ ಅಂತ ಕೇಳಿದ್ರು. ನಿಮ್ಮನ್ನು ಒಮ್ಮೆ ನೋಡಬೇಕಂತೆ" ಎಂದಳು. ಅದುವರೆಗೆ ಹತ್ತು ಸಲ ಕರೆದರೂ ಹೊರಡದವನು ಮರುದಿನವೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ಹೊರಟದ್ದು 2014ರ ಜನವರಿಯಲ್ಲಿ.

ಡಿಸ್ಕವರಿ ಗಾರ್ಡನ್ಸ್

ಹೆಸರು ಕೇಳಿ ಮಗಳು ತೋಟದಲ್ಲಿ ಮನೆ ಹಿಡಿದಿದ್ದಾಳೆಂದುಕೊಂಡಿದ್ದೆ. ನೋಡಿದರೆ ಒಂದೇ ಅಚ್ಚಿನಲ್ಲಿ ಎರೆದ ಕಟ್ಟಡಗಳು, ಸಾಲು ಸಾಲು. ಅಳಿಯ ಕೆಲಸದ ಮೇಲೆ ಮಸ್ಕತ್ತಿನಲ್ಲಿದ್ದ. ವಿನುತಾ ಡ್ಯೂಟಿಗೆ ಹೋದ ಕೂಡಲೇ ನಾನು ಕ್ಯಾಮೆರಾವನ್ನು ಕೊರಳಿಗೆ ಹಾಕಿ ಹೊರಬಿದ್ದೆ. ಬೆಕ್ಕು ತೆಗೆದೆ. ಬೆಕ್ಕಿನ ನೆರಳು ತೆಗೆದೆ. ಬಾಲ್ಕನಿಯಲ್ಲಿ ಒಣಗುವ ಚೌಕುಳಿ ಲುಂಗಿ ತೆಗೆದೆ. ಪೈಪಿನಿಂದ ನೀರು ಕುಡಿಯುವ ಮೈನಾ ಹಕ್ಕಿಯನ್ನು ನಲವತ್ತು ಸಲ ತೆಗೆದೆ. ನಮ್ಮ ಹಿತ್ತಿಲಲ್ಲಿ ದಿನಾ ಕಾಣುವ ಹಕ್ಕಿಗೆ ವಿದೇಶದಲ್ಲಿ ಎಂಥ ಗತ್ತು ಬಂದಿತ್ತು ಮಾರಾಯರೆ.

ಹಿಂದೆ ತಿರುಗಿದರೆ ಎಲ್ಲ ಕಟ್ಟಡವೂ ಮಗಳ ಕಟ್ಟಡವೇ. ತೆಗೆದ ಫೋಟೋಗಳನ್ನು ಕಡೆಯಿಂದ ಮೊದಲಿಗೆ ನೋಡುತ್ತಾ ಹೋದರೆ ಬಂದ ದಾರಿ ಸಿಕ್ಕೀತು ಎಂದು ಉಪಾಯ ಹೂಡಿದೆ. ಮೈನಾ ಹಾರಿಹೋಗಿತ್ತು. ಲುಂಗಿ ಒಣಗಿತ್ತೆಂದು ಯಾರೋ ಒಳಗೆ ತೆಗೆದುಕೊಂಡಿದ್ದರು. ಕೊನೆಗೆ ಒಬ್ಬ ವಾಚ್‌ಮ್ಯಾನನಿಗೆ ಬೆಕ್ಕಿನ ಚಿತ್ರ ತೋರಿಸಿದೆ.

"ಚಾಚಾ, ಬಿಲ್ಡಿಂಗ್ ನಂಬರ್ ಬೋಲೋ. ಐಸಾ ಬಿಲ್ಲಿ ತೋ ಹರ್ ಬಿಲ್ಡಿಂಗ್ ಮೇ ಹೈ." ಅಂಥ ಬೆಕ್ಕು ಪ್ರತಿ ಕಟ್ಟಡದಲ್ಲೂ ಉಂಟಂತೆ.

ಆದ್ದರಿಂದ ಮೊದಲ ಸೂಚನೆ: ಪರವೂರಿನಲ್ಲಿ ಮೊದಲ ಫೋಟೋ ನೀವು ಇಳಿದುಕೊಂಡ ಮನೆಯ ಬಾಗಿಲಿನ ನಂಬರಿನದ್ದಾಗಿರಲಿ. ಬೆಕ್ಕು ಆಮೇಲೆ.

ಗುರುವಾರ ಸಂಜೆ ಲಿಲ್ಲಿ ಮತ್ತು ಅವಳ ಗಂಡ ಪಿಯೂಸ್ ಬಂದರು. ಪಿಯೂಸ್ ರಾಸ್ ಅಲ್ ಖೋರ್‌ನಲ್ಲಿ ಕಾರಿನ ಬಿಡಿಭಾಗಗಳ ಗೋದಾಮಿನ ಸ್ಟೋರ್ ಕೀಪರ್. ಲಿಲ್ಲಿಯ ಕೂದಲು ಬೆಳ್ಳಗಾಗಿ ತುಂಡಾಗಿತ್ತು. ಕೈಯಲ್ಲಿ ಇಡ್ಲಿಯಂಥ ಸನ್ನಾಣದ ಡಬ್ಬ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿದೆ. ಲಿಲ್ಲಿ ಅಂಗೈ ಅಡ್ಡ ಹಿಡಿದಳು.

"ನನ್ನದು ಬೇಡ ಶೀನಣ್ಣ. ನಾನು ಕಣ್ಣು ಮುಚ್ಚುವವಳಲ್ವಾ?"

ನಗುತ್ತಲೇ ಹೇಳಿದಳು. ಎರಡು ದಿನದ ಅಮಲು ಇಳಿದು, ಬಂದ ಕೆಲಸ ನೆನಪಾಯಿತು.

"ನಾಳೆ ನನಗೆ ರಜೆ" ಎಂದಳು. "ದೊಡ್ಡ ಟವರ್ ಎಲ್ಲ ಯಾರು ಬೇಕಾದರೂ ತೋರಿಸ್ತಾರೆ. ನಾನು ಬಂದಾಗ ಇದ್ದ ದುಬೈ ನಾನು ತೋರಿಸ್ತೇನೆ."

ನಾಳೆ ಹೇಳಿಬಿಡುವುದೆಂದು ನಿಶ್ಚಯಿಸಿದೆ.

ಕ್ರೀಕಿನ ದಡದ ಓಣಿಗಳು

ಹಳೆ ಊರನ್ನು ನೋಡಲು ಬೆಳಿಗ್ಗೆ ಏಳಕ್ಕೆ ಹೋಗಿ. ಹತ್ತರ ಮೇಲೆ ಬಿಸಿಲು ನೆತ್ತಿಗೆ ಬಂದರೆ ಮನುಷ್ಯರ ಕಣ್ಣಿನ ಕೆಳಗೆ ಹೊಂಡ ಬೀಳುತ್ತದೆ, ಗೋಡೆಗಳು ಸಪ್ಪೆಯಾಗುತ್ತವೆ. ಇನ್ನೊಂದು ಮಾತು: ಓಣಿಯಲ್ಲಿ ಬಿಸಿಲು ಬಿದ್ದ ಗೋಡೆಗೆ ಆತು ಯಾರನ್ನೂ ನಿಲ್ಲಿಸಬೇಡಿ. ಎದುರಿನ ನೆರಳಿನಲ್ಲಿ ನಿಲ್ಲಿಸಿ. ಬಿಸಿಲಿನ ಗೋಡೆಯಿಂದ ಹೊಡೆದು ಬರುವ ಬೆಳಕು ಮುಖಕ್ಕೆ ಬೆಣ್ಣೆಯ ಹಾಗೆ ಹತ್ತುತ್ತದೆ. ಸ್ಟುಡಿಯೋದಲ್ಲಿ ಬಿಳಿ ಕೊಡೆ ಕಟ್ಟಿ ನಾನು ಮಾಡುತ್ತಿದ್ದದ್ದನ್ನು ಇಲ್ಲಿ ಸುಣ್ಣದ ಗೋಡೆಯೇ ಮಾಡುತ್ತಿತ್ತು. ನಾನು ಹುಚ್ಚನ ಹಾಗೆ ಸುಮ್ಮನೆ ನಗುತ್ತಿದ್ದೆ.

ಮನೆಗಳ ಮೇಲೆ ಚೌಕಾಕಾರದ ಗೋಪುರಗಳಿವೆ. ಕರೆಂಟಿಲ್ಲದ ಕಾಲದಲ್ಲಿ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸಲು ಕಟ್ಟಿದ್ದಂತೆ. ಗೋಪುರ ಪೂರ್ತಿ ಬರಬೇಕೆಂದು ನಾನು ಓಣಿಯಲ್ಲಿ ಅಂಗಾತ ಮಲಗಿದೆ. ಒಳ್ಳೆ ಚಿತ್ರ ಬಂತು. ಇನ್ನೂ ಒಳ್ಳೆಯದಕ್ಕೆ ಕಣ್ಣು ಕಿರಿದು ಮಾಡಿಕೊಂಡು ಮೋಡ ಸರಿಯಲೆಂದು ಕಾಯುತ್ತಿದ್ದೆ. ಮುಖದ ಮೇಲೆ ತಣ್ಣನೆಯ ನೀರು ಬಿತ್ತು. ಬಿಳಿ ಹೆಂಗಸೊಬ್ಬಳು ಬಾಟಲಿ ಹಿಡಿದು ಬಗ್ಗಿದ್ದಳು, ಅವಳ ಗಂಡ ನನ್ನ ನಾಡಿ ಹುಡುಕುತ್ತಿದ್ದ, ಮೂರನೆಯವನು ಆಂಬುಲೆನ್ಸಿಗೆ ಫೋನು ಹಚ್ಚುತ್ತಿದ್ದ.

"ಅವರಿಗೆ ಏನೂ ಆಗ್ಲಿಲ್ಲ" ಎಂದು ಲಿಲ್ಲಿ ಓಡಿ ಬಂದಳು. "ಫೋಟೋಗ್ರಾಫರ್, ಫೋಟೋಗ್ರಾಫರ್" ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದಳು. ಆಮೇಲೆ ನನಗೆ, "ಶೀನಣ್ಣ, ಇಲ್ಲಿ ಸತ್ತರೆ ಹೆಣ ಕಳಿಸಲಿಕ್ಕೆ ಎಷ್ಟು ಕಾಗದ ಬೇಕು ಗೊತ್ತುಂಟಾ? ನನ್ನ ರಜೆ ಹಾಳು ಮಾಡಬೇಡಿ" ಎಂದಳು.

ಎಪ್ಪತ್ತರ ಹತ್ತಿರ ಬಂದವರು ಮಲಗಿ ಫೋಟೋ ತೆಗೆಯಬಾರದು. ಇದನ್ನು ಸೂಚನೆಯೆಂದೇ ತಿಳಿಯಿರಿ.

ಒಂದು ಕೆತ್ತನೆಯ ಬಾಗಿಲ ಮುಂದೆ ಬಿಳಿ ಅಂಗಿಯ ಮುದುಕರೊಬ್ಬರು ಕಾಫಿ ಕುಡಿಯುತ್ತಿದ್ದರು. ಕ್ಯಾಮೆರಾ ತೋರಿಸಿ ಕಣ್ಣಲ್ಲೇ ಕೇಳಿದೆ. "ಮಾಫಿ" ಎಂದು ಬೆರಳಾಡಿಸಿದರು, ಆಗದು ಎಂದರ್ಥ. ಕೈಮುಗಿದು ಹೊರಟೆ. ಅವರು ಕರೆದು ಕೂರಿಸಿ, ಕಾಫಿ ಕೊಟ್ಟು, ಕ್ಯಾಮೆರಾ ಕಸಿದುಕೊಂಡು ನನ್ನ ಫೋಟೋ ತೆಗೆದರು. ತಲೆಯಿಲ್ಲ, ಹೊಟ್ಟೆ ಮತ್ತು ಲೋಟ ಮಾತ್ರ ಸ್ಪಷ್ಟವಾಗಿವೆ. ನಮ್ಮಲ್ಲಿ ಯಾರ ಮನೆಯ ಜಗಲಿಗಾದರೂ ನುಗ್ಗಿ ಕ್ಲಿಕ್ಕಿಸುತ್ತೇವೆ. ಇಲ್ಲಿ ಕೇಳಬೇಕು, ಹೆಂಗಸರನ್ನಂತೂ ಕೇಳದೆ ತೆಗೆಯಲೇಬಾರದು. ಬೇಡವೆಂದರೆ ಬೇಡ. ಬದಲಿಗೆ ಕಾಫಿ ಸಿಗಬಹುದು.

ಊರಿನೊಳಗೆ ನುಗ್ಗಿದ ಸಮುದ್ರದ ತೋಳಾದ ಕ್ರೀಕನ್ನು ಮರದ ದೋಣಿಯಲ್ಲಿ ದಾಟಿದೆವು. ಗಾಳಿಗೆ ಕೂದಲು ಹಾರುತ್ತಿದ್ದ ಲಿಲ್ಲಿ ತುಂಬ ಖುಷಿಯಲ್ಲಿದ್ದಳು. ಹೇಳಲು ಬಾಯಿ ತೆರೆದೆ. ಆಗಲೇ ಸಮುದ್ರ ಹಕ್ಕಿಗಳ ಹಿಂಡು ಎದ್ದಿತು. ನಾನು ಕ್ಯಾಮೆರಾ ಎತ್ತಿದೆ. ಇನ್ನೂರು ಹಕ್ಕಿ ತೆಗೆದು ಮುಗಿಸುವಾಗ ದಡ ಬಂದಿತ್ತು. ಹಕ್ಕಿಗಳಿಗೆ ನಾನು ಕೃತಜ್ಞನಾಗಿದ್ದೆ ಎಂದರೆ ನಿಮಗೆ ನನ್ನ ಯೋಗ್ಯತೆ ತಿಳಿಯಬಹುದು.

ನೈಫ್

ನೈಫ್ ಎಂದರೆ ಜವಳಿ, ಸೂಟ್‌ಕೇಸು, ಅತ್ತರು ಎಲ್ಲ ಒಂದರ ಮೈಮೇಲೆ ಒಂದು ಬಿದ್ದ ಹಾಗಿರುವ ಸಣ್ಣ ಅಂಗಡಿಗಳ ಪೇಟೆ. ಲಿಲ್ಲಿ, ಪಿಯೂಸ್ ಅದರ ಹತ್ತಿರವೇ ಇಪ್ಪತ್ತು ವರ್ಷದಿಂದ ಬಾಡಿಗೆಗಿದ್ದಾರೆ. ಇಬ್ಬರ ವೀಸಾ ನವೀಕರಣಕ್ಕೆ ಫೋಟೋ ಬೇಕಿತ್ತು. ಸಂಜೆ ಪಿಯೂಸ್, ಡ್ಯೂಟಿ ಮುಗಿಸಿದ ವಿನುತಾ ಇಬ್ಬರೂ ಬಂದು ಸೇರಿದ ಮೇಲೆ ಒಂದು ಮಲೆಯಾಳಿ ಸ್ಟುಡಿಯೋಕ್ಕೆ ಹೊಕ್ಕೆವು.

ಗೋಡೆಯ ಮೊಳೆಯಲ್ಲಿ ಇಲಾಸ್ಟಿಕ್ ಹಾಕಿದ ಒಂದು ಟೈ, ತೋಳು ಸವೆದ ಒಂದು ಕಪ್ಪು ಕೋಟು. ನನ್ನ ಸ್ಟುಡಿಯೋದಲ್ಲೂ ಹೀಗೆಯೇ ಒಂದು ಜೊತೆ ಇತ್ತು. ಊರಿನ ಅರ್ಧದಷ್ಟು ಮದುಮಕ್ಕಳ ಸಂಬಂಧ ಕುದುರಿದ್ದು ಅದೇ ಕೋಟಿನಲ್ಲಿ. ಫೋಟೋಗ್ರಾಫರ್ ಲಿಲ್ಲಿಯನ್ನು ಸ್ಟೂಲಿನ ಮೇಲೆ ಕೂರಿಸಿದ. "ಚೇಚಿ, ಇವಿಡೆ ನೋಕ್ಕು", ಅಕ್ಕಾ ಇಲ್ಲಿ ನೋಡಿ, ಎಂದ. ಒಂದೇ ಫ್ಲ್ಯಾಶ್. ಖಲಾಸ್.

ಪರದೆಯಲ್ಲಿ ಲಿಲ್ಲಿಯ ಮುಖ ಮೂಡಿತು. ಎರಡೂ ಕಣ್ಣು ಅಗಲವಾಗಿ ತೆರೆದಿದ್ದವು.

"ನೋಡಿದ್ರಾ ಶೀನಣ್ಣ" ಎಂದಳು ಲಿಲ್ಲಿ. "ಈ ದೇಶದಲ್ಲಿ ಕಣ್ಣು ಮುಚ್ಚಿದವರಿಗೆ ವೀಸಾ ಇಲ್ಲ. ಲೇಬರ್ ಕಾರ್ಡಿಗೆ ತೆಗೆಸಿದೆ, ಹೆಲ್ತ್ ಕಾರ್ಡಿಗೆ ತೆಗೆಸಿದೆ, ಲೈಸೆನ್ಸಿಗೆ ತೆಗೆಸಿದೆ. ಎಲ್ಲದರಲ್ಲೂ ಗೂಬೆಯ ಹಾಗೆ ಬಿಟ್ಟುಕೊಂಡೇ ಇದ್ದೇನೆ."

"ಅದು ಹೌದು" ಎಂದ ಪಿಯೂಸ್, ಟೈಯ ಇಲಾಸ್ಟಿಕ್ಕನ್ನು ತಲೆಯ ಮೇಲಿಂದ ಇಳಿಸಲಾರದೆ ಕಿವಿಯಲ್ಲಿ ನಿಲ್ಲಿಸಿಕೊಂಡು. "ಮಲಗಿದಾಗಲೂ ಅರ್ಧ ಬಿಟ್ಟಿರ್ತಾಳೆ. ನನಗೆ ಹೆದರಿಕೆ."

ಎಲ್ಲರೂ ನಕ್ಕರು. ಫೋಟೋಗ್ರಾಫರ್ ಟೈಯನ್ನು ಬಿಡಿಸಲು ಎದ್ದು ಬಂದ. ಲಿಲ್ಲಿ ನನ್ನನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ ಆ ನೋಟದಲ್ಲಿ. ಏನನ್ನೋ ಕಾಯುವ ಹಾಗಿತ್ತು. ನಾನು ಟೈ ಬಿಡಿಸಲು ಹೋದೆ.

ಮೆಟ್ರೋದಲ್ಲಿ ಹಿಂದಿರುಗುವಾಗ ವಿನುತಾಳಿಗೆ ಎಲ್ಲ ಹೇಳಿದೆ.

"ನಾಳೆ ಹೇಳಿ ಪಪ್ಪ. ನೀವು ಊರಿಗೆ ಹೋಗ್ತೀರಿ. ನಾನು ದಿನಾ ಅವರ ಮುಖ ನೋಡಬೇಕು."

ಅಬುಧಾಬಿ

ಶನಿವಾರ ಪಿಯೂಸನ ಕಾರಿನಲ್ಲಿ ಅಬುಧಾಬಿಗೆ ಹೋದೆವು. ವಿನುತಾಳಿಗೆ ಡ್ಯೂಟಿ. ದಾರಿಯುದ್ದಕ್ಕೂ ಪಿಯೂಸ್ ಮುಂದಿನ ಕಾರುಗಳ ಬಂಪರು ನೋಡಿ ಯಾವ ವರ್ಷದ್ದು, ಏನು ಬದಲಾಗಿದೆ ಎಂದು ಹೇಳುತ್ತಿದ್ದ. ದೊಡ್ಡ ಮಸೀದಿಯ ಬಾಗಿಲಲ್ಲಿ ಹೆಂಗಸರಿಗೆ ಮೈತುಂಬ ಹೊದೆಯುವ ಕಪ್ಪು ನಿಲುವಂಗಿ ಕೊಟ್ಟರು. ಲಿಲ್ಲಿ ತೊಟ್ಟುಕೊಂಡು ಒಂದು ಸುತ್ತು ತಿರುಗಿದಳು. "ಹೇಗೆ?" ಎಂದು ಗಂಡನನ್ನು ಕೇಳಿದಳು. "ಹೊಸ ಎಂಜಿನ್ನಿಗೆ ಕವರ್ ಹಾಕಿದ ಹಾಗೆ" ಎಂದ ಅವನು.

ಒಳಗಿನ ಅಂಗಳ ಕಂಡಾಗ ನನಗೆ ತಲೆ ತಿರುಗಿತು. ನೆಲ ಬಿಳಿ, ಕಂಬ ಬಿಳಿ, ಗುಮ್ಮಟ ಬಿಳಿ, ಅದರ ಮೇಲೆ ನೀಲಿ ಆಕಾಶ. ಸುತ್ತಲಿನ ಪ್ರವಾಸಿಗಳು ತಮ್ಮ ಫೋಟೋ ನೋಡಿ ಗೊಣಗುತ್ತಿದ್ದರು; ಎಲ್ಲ ಬೂದು ಬಣ್ಣ ಬರುತ್ತಿತ್ತು. ಇದು ನಮ್ಮ ಕರಾವಳಿಯ ಫೋಟೋಗ್ರಾಫರರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಬಿಳಿ ಸೀರೆಯ ಮದುಮಗಳನ್ನು ಸುಣ್ಣದ ಇಗರ್ಜಿಯ ಮುಂದೆ ನಿಲ್ಲಿಸಿದವರು ನಾವು. ಬಿಳಿ ಕಂಡರೆ ಕ್ಯಾಮೆರಾ ಹೆದರುತ್ತದೆ, ತಾನಾಗಿ ಬೆಳಕು ಕಡಿಮೆ ಮಾಡುತ್ತದೆ. ನೀವು ಒಂದು ಮೆಟ್ಟಿಲು ಹೆಚ್ಚು ಬೆಳಕು ಕೊಡಬೇಕು. ಒಬ್ಬ ಜಪಾನಿಯವನ ಕ್ಯಾಮೆರಾದಲ್ಲಿ ಮಾಡಿ ತೋರಿಸಿದೆ. ಅವನು ಬಗ್ಗಿ ನಮಸ್ಕರಿಸಿದ. ಅವನ ಹೆಂಡತಿಯೂ ಕ್ಯಾಮೆರಾ ತಂದಳು. ಐದು ನಿಮಿಷದಲ್ಲಿ ನನ್ನ ಮುಂದೆ ಸಾಲು ನಿಂತಿತ್ತು. ಕಾವಲಿನವನು ಬಂದು "ಯಲ್ಲಾ, ಯಲ್ಲಾ" ಎಂದು ಚದುರಿಸುವವರೆಗೆ ನಾನು ಲೋಕವಿಖ್ಯಾತನಾಗಿದ್ದೆ.

ಮಧ್ಯಾಹ್ನದ ಮೇಲೆ ಸಮುದ್ರದ ಬದಿಯ ಕಲ್ಲಿನ ಬೆಂಚಿನಲ್ಲಿ ಕೂತೆವು. ಪಿಯೂಸ್ ಕಾಗದದ ಲೋಟಗಳಲ್ಲಿ ಚಹಾ ತಂದ. ಇನ್ನು ಹೇಳಿಬಿಡುವುದೆಂದು ಉಸಿರೆಳೆದುಕೊಂಡೆ. ಲಿಲ್ಲಿಯೇ ಮೊದಲು ಕೇಳಿದಳು.

"ತಂದಿದ್ದೀರಾ ಶೀನಣ್ಣ?"

"ಏನನ್ನು?"

"ನೆಗೆಟಿವ್. ಹುಡುಕಿ ಕೊಡ್ತೇನೆ ಅಂತ ಅಣ್ಣನ ಹತ್ರ ಹೇಳಿದ್ರಲ್ಲ." ಅವಳು ಸಮುದ್ರ ನೋಡುತ್ತಾ ನಿಧಾನ ಮಾತಾಡಿದಳು. "ಮೊದಲ ಪಾಸ್‌ಪೋರ್ಟ್ ಫೋಟೋ ಬಂದ ದಿನ ನಿಮ್ಮ ಸುಳ್ಳು ಗೊತ್ತಾಯ್ತು. ಸಿಟ್ಟು ಬರಲಿಲ್ಲ ನನಗೆ. ಖುಷಿಯಾಯ್ತು. ಕಣ್ಣು ಮುಚ್ಚಲಿಲ್ಲ ಅಂದ್ರೆ ಫೋಟೋ ಸರಿ ಉಂಟು. ಏನೋ ಹಟಕ್ಕೆ ಇಟ್ಟುಕೊಂಡಿದ್ದಾರೆ, ಒಂದು ದಿನ ಕೊಡ್ತಾರೆ ಅಂತ. ಅಪ್ಪನ ಮುಖ ನನಗೀಗ ಸರಿಯಾಗಿ ನೆನಪಾಗುವುದಿಲ್ಲ ಶೀನಣ್ಣ. ಮೀಸೆ ನೆನಪಾಗ್ತದೆ. ಮೀಸೆಯ ಸುತ್ತ ಏನೂ ಇಲ್ಲ."

ನನ್ನ ಹೃದಯ ಹಗುರ ಮಾಡಿಕೊಳ್ಳಲು ನಾನು ಅಷ್ಟು ದೂರ ಹೋಗಿದ್ದೆ. ಅವಳು ಮೂವತ್ತೆರಡು ವರ್ಷ ಇಟ್ಟುಕೊಂಡಿದ್ದ ಒಂದನ್ನು ಕಸಿಯುವುದಕ್ಕೆ ಹೋಗಿದ್ದೇನೆಂದು ಆ ಬೆಂಚಿನ ಮೇಲೆ ತಿಳಿಯಿತು. ಹುಡುಕುತ್ತಿದ್ದೇನೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ.

"ನೆಗೆಟಿವ್ ಇಲ್ಲ ಲಿಲ್ಲಿ. ಇರಲೇ ಇಲ್ಲ. ಫಿಲ್ಮು ತಿರುಗಲಿಲ್ಲ."

ಎಲ್ಲ ಹೇಳಿದೆ, ಮೂವತ್ತೇಳನೆಯದಕ್ಕೆ ತಿರುಗಿದ ಲಿವರು, ಬಟ್ಟಲಿನ ಕೋಣೆ, ಆಮೇಲೆ ಹೊಡೆದ ಖಾಲಿ ಫ್ಲ್ಯಾಶ್‌ಗಳು. ಹೇಳಿ ಮುಗಿದಾಗ ಮೊದಲು ಬಾಯಿ ಬಿಟ್ಟದ್ದು ಪಿಯೂಸ್.

"ಹಾಗಾದರೆ ನಾನು ಅವತ್ತು ಇಡೀ ದಿನ ಹೊಟ್ಟೆ ಒಳಗೆ ಎಳೆದುಕೊಂಡು ನಿಂತದ್ದು ಯಾತಕ್ಕೆ?"

ಲಿಲ್ಲಿ ನಗಲಿಲ್ಲ. ನಾನು ಕಾಲಿಗೆ ಬೀಳಲು ಬಗ್ಗಿದೆ. "ನಾಟಕ ಬೇಡ" ಎಂದು ಭುಜ ಹಿಡಿದು ಕೂರಿಸಿದಳು. ಆಮೇಲೆ ಕೇಳಿದಳು:

"ನೀವು ನೋಡಿದ್ದೀರಲ್ಲ? ಫಿಲ್ಮಿಗೆ ಬೀಳಲಿಲ್ಲ. ನಿಮ್ಮ ಕಣ್ಣಿಗೆ ಬಿದ್ದಿದೆಯಲ್ಲ?"

"ಬಿದ್ದಿದೆ. ಪ್ರಿಂಟ್ ಹಾಕಿ ಕೊಟ್ಟ ಮದುವೆಗಳೆಲ್ಲ ಮರೆತುಹೋಗಿವೆ. ಇದೊಂದು ಮರೆಯಲಿಲ್ಲ. ಒಂದರಿಂದ ಮೂವತ್ತಾರರವರೆಗೆ ಸಾಲಾಗಿ ಗೊತ್ತು."

"ಹಾಗಾದರೆ ಹೇಳಿ. ಒಂದನೆಯದರಿಂದ."

ನಾನು ಶುರು ಮಾಡಿದೆ. ಒಂದನೆಯದು, ಕಾರಿನ ಬಾಗಿಲಿಗೆ ಸೀರೆಯ ಅಂಚು ಸಿಕ್ಕಿಕೊಂಡದ್ದು. ಎರಡನೆಯದು, ಅದನ್ನು ಬಿಡಿಸುತ್ತಿದ್ದ ಅವಳ ಅಮ್ಮ. ಮೂರನೆಯದರಲ್ಲಿ ಪಿಯೂಸ್ ಇಗರ್ಜಿಯ ಮೆಟ್ಟಿಲ ಮೇಲೆ ಬೂಟಿನ ಹಗ್ಗ ಕಟ್ಟುತ್ತಿದ್ದಾನೆ. "ಅದು ನಾನಲ್ಲ, ನನ್ನ ತಮ್ಮ" ಎಂದ ಪಿಯೂಸ್. ಇರಬಹುದು ಎಂದೆ. ನಾಲ್ಕನೆಯದು ನನಗೆ ಮಸುಕಾಗಿದೆ, ಮಸುಕಾಗಿದೆ ಎಂದೇ ಹೇಳಿದೆ. ಐದನೆಯದರಲ್ಲಿ ಲಾದ್ರು ಪೊರ್ಬುಗಳು ಮಗಳಿಗೆ ತೋಳು ಕೊಟ್ಟರು. ಎರವಲು ಕೋಟಿನ ತೋಳು ಉದ್ದವಾಗಿ ಬೆರಳು ಮಾತ್ರ ಕಾಣುತ್ತಿತ್ತು.

"ಆರನೆಯದರಲ್ಲಿ ನಿಮ್ಮ ಅಪ್ಪ ನಗುತ್ತಿದ್ದರು."

"ಸುಳ್ಳು" ಎಂದಳು ಲಿಲ್ಲಿ. ಅವಳ ಸ್ವರ ಏರಿದ್ದು ಆಗಲೇ. "ಅಪ್ಪ ನಗುವವರಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಪುನಃ ಸುಳ್ಳು ಬೇಡ."

"ನೀನು ತಲೆ ಬಗ್ಗಿಸಿ ನೆಲ ನೋಡುತ್ತಾ ಬರುತ್ತಿದ್ದೆ, ನಿನಗೆ ಕಾಣಲಿಲ್ಲ. ನಾನು ನಿಮಗೆ ಎದುರಾಗಿ ಹಿಂದೆ ಹಿಂದೆ ನಡೆಯುತ್ತಿದ್ದೆ. ಹೊಸ್ತಿಲಿಗೆ ಎಡವಿ ಬೀಳುವ ಹಾಗಾಯಿತು. ಅದನ್ನು ನೋಡಿ ನಕ್ಕರು. ಬೀಳುತ್ತಲೇ ಬಟನ್ ಒತ್ತಿದೆ. ಮೇಲಿನ ಸಾಲಿನಲ್ಲಿ, ಎಡಬದಿಗೆ ಒಂದು ಹಲ್ಲು ಇರಲಿಲ್ಲ. ಕೂಡಲೇ ಆ ಉದ್ದ ತೋಳನ್ನು ಬಾಯಿಗೆ ಅಡ್ಡ ಹಿಡಿದರು."

ಲಿಲ್ಲಿಯ ಬೆರಳು ತನ್ನ ಮೇಲ್ದವಡೆಯ ಎಡಬದಿಗೆ ಹೋಯಿತು.

"ಮದುವೆಗೆ ನಾಲ್ಕು ದಿನ ಇರುವಾಗ ತೆಗೆಸಿದ್ದು ಆ ಹಲ್ಲು" ಎಂದಳು. "ಯಾರಿಗೂ ಗೊತ್ತಾಗಬಾರದು ಅಂತ ಬಾಯಿ ತೆರೆಯದೆ ತಿರುಗ್ತಿದ್ರು. ಊಟ ಕೂಡ ಒಬ್ಬರೇ ಕೂತು ಮಾಡ್ತಿದ್ರು."

ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಇದ್ದ ಚಹಾದ ಲೋಟವನ್ನು ಎತ್ತಿ ಗಂಡನ ಕೈಗೆ ಕೊಟ್ಟಳು. ಹತ್ತಿರ ಸರಿದು ಕೂತಳು.

"ಏಳನೆಯದು?" ಎಂದಳು.